ಕಟ್ಟಡ ಪ್ರಶ್ನೋತ್ತರ: ಆರ್ಡರ್ ಹೋಗುವ ಮುಂಚೆ ಒಪ್ಪಿಗೆಯಾಗಲಿ

ನಿರ್ಮಾಣ ಕಾಮಗಾರಿಗಳಲ್ಲಿ ಹುಟ್ಟುವ ತಕರಾರುಗಳನ್ನು 'ಬಿಮ್' ಎಂಬ ಡಿಜಿಟಲ್ ಮಾದರಿಯ ನೆರವಿನಿಂದ ತಡೆಯಬಹುದೇ ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಆರಿಸಿಕೊಂಡ ಐದಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಆಸ್ಪತ್ರೆ, ಕಚೇರಿ ಕಟ್ಟಡಗಳಿಗೆ ಏರ್ ಕಂಡೀಷನಿಂಗ್ ಡಕ್ಟ್ (ಗಾಳಿ ಸಾಗಿಸುವ ತಗಡಿನ ಕೊಳವೆ) ಅಳವಡಿಸುವ ಸಬ್ ಕಾಂಟ್ರಾಕ್ಟರ್. ಡ್ರಾಯಿಂಗ್‌ನಲ್ಲಿ ಕಾಣುವ ಜಾಗ ಸೈಟ್‌ನಲ್ಲಿ ಸಿಗುವುದೇ ಇಲ್ಲ. ಬಿಚ್ಚಿ ಮತ್ತೆ ಹಾಕಿದ ಕೆಲಸಕ್ಕೆ ಹಣ ಕೇಳಿದರೆ ಜಗಳವಾಗುತ್ತದೆ. ಈಗ ಹೊಸದೊಂದು ಕೆಲಸದಲ್ಲಿ 'ಬಿಮ್ ಮಾಡುತ್ತೇವೆ, ಇನ್ನು ಅಂಥ ತೊಂದರೆ ಬರುವುದಿಲ್ಲ' ಎನ್ನುತ್ತಿದ್ದಾರೆ. ನಂಬಬಹುದೇ ಸರ್? — ಹುಬ್ಬಳ್ಳಿಯ ಓದುಗರು

ಉತ್ತರ: ನಿಮಗೆ ಜಾಗ ಏಕೆ ಸಿಗುವುದಿಲ್ಲ ಎಂಬುದನ್ನು ಮೊದಲು ಒಂದು ಮಹಡಿಯ ಲೆಕ್ಕದಲ್ಲಿ ನೋಡೋಣ. ಮಹಡಿಯಿಂದ ಮಹಡಿಗೆ 3600 ಮಿಲಿಮೀಟರ್ ಎತ್ತರ, ಸ್ಲ್ಯಾಬ್ ಸೇರಿ ಬೀಮಿನ ಆಳ 600, ಫಾಲ್ಸ್ ಸೀಲಿಂಗ್ ನೆಲದಿಂದ 2700ಕ್ಕೆ ಬರಬೇಕು ಎಂದಿಟ್ಟುಕೊಳ್ಳಿ. ನೆಲಹಾಸಿನ ದಪ್ಪವನ್ನು ಹಿಡಿಯದಿದ್ದರೂ ಬೀಮಿನ ತಳಕ್ಕೂ ಸೀಲಿಂಗ್‌ಗೂ ನಡುವೆ ಉಳಿಯುವುದು 300 ಮಿಲಿಮೀಟರ್. ಸೀಲಿಂಗ್‌ನ ಚೌಕಟ್ಟಿಗೆ 75 ಹೋದರೆ 225 ಮಾತ್ರ. ನಿಮ್ಮ ಡಕ್ಟಿನ ಎತ್ತರ 250, ಮೇಲೂ ಕೆಳಗೂ 25ರ ಇನ್ಸುಲೇಷನ್ ಸೇರಿದರೆ 300. ಸ್ಟ್ರಕ್ಚರಲ್ ಎಂಜಿನಿಯರ್ ಬರೆದ ಬೀಮು ಸರಿಯಾಗಿಯೇ ಇದೆ, ಎಸಿ ಕನ್ಸಲ್ಟೆಂಟ್ ಬರೆದ ಡಕ್ಟೂ ಸರಿಯಾಗಿದೆ, ಒಳಾಂಗಣದವರ ಸೀಲಿಂಗೂ ಸರಿಯಾಗಿದೆ; ಆದರೆ ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡುವ ಹೊಣೆಯನ್ನು ಯಾರಿಗೂ ವಹಿಸಿರಲಿಲ್ಲ. ಸ್ಲ್ಯಾಬ್ ಹಾಕಿ, ಸೆಂಟ್ರಿಂಗ್ ಬಿಚ್ಚಿ, ನಿಮ್ಮ ಹುಡುಗರು ಡಕ್ಟ್ ಹಿಡಿದು ಏಣಿ ಹತ್ತಿದ ದಿನವೇ ಆ ಲೆಕ್ಕ ಮೊದಲ ಬಾರಿಗೆ ಬಯಲಾಗುತ್ತದೆ. ಆಗ ಬೀಮನ್ನು ಕೊರೆಯಬೇಕು, ಅದು ಅಪಾಯ. ಸೀಲಿಂಗ್ ಇಳಿಸಬೇಕು, ಅದಕ್ಕೆ ಮಾಲೀಕರು ಒಪ್ಪುವುದಿಲ್ಲ. ಅಥವಾ ಡಕ್ಟನ್ನು ಅಗಲ ಮಾಡಿ ಚಪ್ಪಟೆಯಾಗಿಸಬೇಕು, ಆಗ ಈಗಾಗಲೇ ಮಡಚಿ ತಂದ ಶೀಟು ಗುಜರಿಗೆ ಹೋಗುತ್ತದೆ. ಮೂರನೆಯ ದಾರಿಯ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಗೆ ಬರುತ್ತದೆ, ಏಕೆಂದರೆ ಆ ಮೂವರಲ್ಲಿ ಯಾರೊಂದಿಗೂ ನಿಮಗೆ ನೇರ ಒಪ್ಪಂದವಿರುವುದಿಲ್ಲ.

ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಅಂದರೆ ಬಿಮ್, ಈ ಲೆಕ್ಕವನ್ನು ಕಾಂಕ್ರೀಟ್ ಹಾಕುವ ಮುಂಚೆಯೇ ಬಯಲಿಗೆ ತರುತ್ತದೆ. ಬೀಮು, ಪೈಪು, ಕೇಬಲ್ ಟ್ರೇ, ಸ್ಪ್ರಿಂಕ್ಲರ್ ಎಲ್ಲವೂ ತಮ್ಮ ನಿಜವಾದ ಅಳತೆ, ವಸ್ತು ಮತ್ತು ಸ್ಥಾನದ ವಿವರಗಳೊಂದಿಗೆ ಒಂದೇ ಮೂರು ಆಯಾಮದ ಮಾದರಿಯಲ್ಲಿ ಕೂಡುತ್ತವೆ, ಮತ್ತು ಒಂದು ಇನ್ನೊಂದನ್ನು ಹಾಯ್ದು ಹೋಗುವ ಕಡೆಗಳನ್ನು ಸಾಫ್ಟ್‌ವೇರ್ ಪಟ್ಟಿ ಮಾಡಿ ಕೊಡುತ್ತದೆ. ಇದನ್ನೇ ಕ್ಲ್ಯಾಶ್ ಪರಿಶೀಲನೆ ಎನ್ನುವುದು. ವಾಲ್ವ್ ತಿರುಗಿಸಲು ಕೈ ಹೋಗುವಷ್ಟು ಜಾಗ ಉಳಿದಿದೆಯೇ ಎಂಬುದನ್ನೂ ಪರೀಕ್ಷಿಸಬಹುದು.

ಆದರೂ 'ತೊಂದರೆಯೇ ಬರುವುದಿಲ್ಲ' ಎಂಬ ಮಾತನ್ನು ಹಾಗೆಯೇ ಒಪ್ಪಬೇಡಿ. ಅಮೆರಿಕದ ವಿಶ್ವವಿದ್ಯಾಲಯವೊಂದರ ಜೀವವಿಜ್ಞಾನ ಕಟ್ಟಡದ ಪ್ರಕರಣ 2011ರಲ್ಲಿ ವರದಿಯಾಯಿತು. ಅಲ್ಲಿ ಎಸಿ, ಪ್ಲಂಬಿಂಗ್, ವಿದ್ಯುತ್ ವ್ಯವಸ್ಥೆಗಳೆಲ್ಲ ಸೀಲಿಂಗ್‌ನ ಮೇಲಿನ ಇಕ್ಕಟ್ಟಾದ ಜಾಗದಲ್ಲಿ ಹಿಡಿಸುತ್ತವೆ ಎಂಬುದನ್ನು ವಿನ್ಯಾಸಕಾರರು ಮಾದರಿಯಲ್ಲಿ ಖಚಿತಪಡಿಸಿಕೊಂಡಿದ್ದರು, ಮತ್ತು ಅವು ನಿಜವಾಗಿಯೂ ಹಿಡಿಸುತ್ತಿದ್ದವು. ಆದರೆ ನಿರ್ದಿಷ್ಟ ಕ್ರಮದಲ್ಲಿ ಒಂದಾದ ಮೇಲೊಂದನ್ನು ಕೂಡಿಸಿದರೆ ಮಾತ್ರ. ಆ ಕ್ರಮವನ್ನು ಕಾಂಟ್ರಾಕ್ಟರ್‌ಗೆ ಯಾರೂ ತಿಳಿಸಲಿಲ್ಲ. ಜೋಡಣೆ ಸುಮಾರು ಶೇ. 70ರಷ್ಟು ಮುಗಿದಾಗ ಜಾಗವೇ ಮುಗಿದುಹೋಯಿತು. ಕಾಂಟ್ರಾಕ್ಟರ್ ಮಾಲೀಕರ ಮೇಲೆ, ಮಾಲೀಕರು ಆರ್ಕಿಟೆಕ್ಟ್ ಮೇಲೆ ದಾವೆ ಹೂಡಿದರು, ಎಂಜಿನಿಯರನ್ನೂ ಒಳಗೆಳೆಯಲಾಯಿತು. ಕೊನೆಗೆ ಅದು ರಾಜಿಯಲ್ಲಿ ಮುಗಿಯಿತು. ಮಾದರಿಯಲ್ಲಿ ತಪ್ಪಿರಲಿಲ್ಲ. ಅದನ್ನು ಕೈಯಾರೆ ಕೂಡಿಸಬೇಕಾದವನು ಅದರ ಮುಂದೆ ಕುಳಿತಿರಲಿಲ್ಲ.

ಹಾಗಾಗಿ ಸಹಿ ಹಾಕುವ ಮುಂಚೆ ನೀವು ಕೇಳಬೇಕಾದ ಮುಖ್ಯ ಪ್ರಶ್ನೆ, ಸಮನ್ವಯ ಸಭೆಗೆ ನಿಮ್ಮನ್ನು ಕರೆಯುತ್ತಾರೆಯೇ ಮತ್ತು ಯಾವಾಗ ಎಂಬುದು. ಸ್ಲ್ಯಾಬ್ ಆದ ಮೇಲೆ ಕರೆದರೆ ಹೆಚ್ಚಿನ ಪ್ರಯೋಜನವಿಲ್ಲ. ಕನ್ಸಲ್ಟೆಂಟ್ ಬರೆದ ಡಕ್ಟ್‌ಗೆ ಫ್ಲ್ಯಾಂಜ್, ಹ್ಯಾಂಗರ್, ಬೆಂಡುಗಳು ಇರುವುದಿಲ್ಲ. ನಿಮ್ಮ ಶಾಪ್ ಡ್ರಾಯಿಂಗ್ (ತಯಾರಿಸುವವರೇ ಬರೆಯುವ ವಿವರವಾದ ನಕ್ಷೆ) ಮಟ್ಟದ ವಿವರಗಳು ಮಾದರಿಯೊಳಗೆ ಸೇರಿದ ಮೇಲೆ ನಡೆಯುವ ಪರಿಶೀಲನೆಯೇ ನಿಜವಾದ ಪರಿಶೀಲನೆ. ಪ್ರತಿ ಮಹಡಿಗೂ ಎಲ್ಲರೂ ಒಪ್ಪಿ ಸಹಿ ಹಾಕುವ ದಿನಾಂಕವೊಂದು ಇರಲಿ. ಆ ದಿನದ ನಂತರ ಬೇರೆಯವರು ಮಾಡುವ ಬದಲಾವಣೆಯಿಂದ ನಿಮಗಾಗುವ ಕೆಲಸವನ್ನು ಎಕ್ಸ್‌ಟ್ರಾ ಐಟಂ ಎಂದು ಪರಿಗಣಿಸಿ ಮೊದಲೇ ಗೊತ್ತುಮಾಡಿದ ದರದಲ್ಲಿ ಪಾವತಿ ಮಾಡಬೇಕು ಎಂಬ ಷರತ್ತನ್ನು ಬರೆಸಿಕೊಳ್ಳಿ, ಮತ್ತು ಆ ಸಹಿ ಬೀಳುವವರೆಗೆ ನಿಮ್ಮ ವರ್ಕ್‌ಶಾಪ್‌ನಲ್ಲಿ ಒಂದು ಶೀಟನ್ನೂ ಕತ್ತರಿಸಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಹನ್ನೆರಡು ಮಹಡಿಯ ವಾಣಿಜ್ಯ ಕಟ್ಟಡವೊಂದರ ಮೇಲ್ವಿಚಾರಣೆ ನನ್ನದು. ವಿನ್ಯಾಸದ ತಕರಾರುಗಳಿಗಿಂತ ಲಿಫ್ಟು, ಗಾಜು ಪೂರೈಸುವವರೊಂದಿಗಿನ ತಕರಾರುಗಳೇ ನಮಗೆ ಹೆಚ್ಚು. 'ನಿಮ್ಮ ಕಟ್ಟಡ ಸಿದ್ಧವಿರಲಿಲ್ಲ' ಎಂದು ಅವರು, 'ನೀವು ತಡವಾಗಿ ತಂದಿರಿ' ಎಂದು ನಾವು. ಇದಕ್ಕೆ ಮಾದರಿಯಿಂದ ಏನಾದರೂ ಉಪಯೋಗವಿದೆಯೇ? — ಬೆಂಗಳೂರಿನ ಓದುಗರು

ಉತ್ತರ: ಇದೆ, ಆದರೆ ಮಾದರಿಯನ್ನು ಖರೀದಿಯ ಕ್ಯಾಲೆಂಡರಿನೊಂದಿಗೆ ಕಟ್ಟಿಹಾಕಬೇಕು. ಲಿಫ್ಟ್‌ನ ವಿಷಯ ನಿಮಗೆ ತಿಳಿದದ್ದೇ. ಗುಂಡಿಯ ಆಳ, ಮೇಲಿನ ಮಹಡಿಯ ಓವರ್‌ಹೆಡ್, ಬಾಗಿಲಿನ ಅಗಲ, ಬ್ರ್ಯಾಕೆಟ್‌ಗಳ ಸ್ಥಾನ ಒಂದೊಂದು ಕಂಪನಿಗೂ ಬೇರೆ. ದರ ಇಳಿಯಲಿ ಎಂದು ಆರ್ಡರನ್ನು ತಡಮಾಡುತ್ತೇವೆ, ಅಷ್ಟರಲ್ಲಿ ಗುಂಡಿಗೆ ಕಾಂಕ್ರೀಟ್ ಬಿದ್ದಿರುತ್ತದೆ, ಆಮೇಲೆ ಆರಿಸಿದ ಕಂಪನಿಯ ಲಿಫ್ಟಿಗೆ ಆ ಗುಂಡಿ ಸಾಲುವುದಿಲ್ಲ. ಗಾಜಿನದು ಇನ್ನೂ ಕಠಿಣ. ಟಫನ್ ಮಾಡಿದ ಗಾಜನ್ನು ಮತ್ತೆ ಕತ್ತರಿಸಲು ಬರುವುದಿಲ್ಲ. ಡ್ರಾಯಿಂಗ್ ನೋಡಿ ಆರ್ಡರ್ ಕೊಟ್ಟು, ಸ್ಲ್ಯಾಬಿನ ಅಂಚು ಎರಡು ಸೆಂಟಿಮೀಟರ್ ಹೊರಗೆ ಬಂದಿದ್ದರೆ ಆ ಹಲಗೆಯನ್ನು ಹೊಸದಾಗಿಯೇ ಮಾಡಿಸಬೇಕು. ಕಾಂಕ್ರೀಟ್ ಕೆಲಸದಲ್ಲಿ ಸಹಿಸುವ ವ್ಯತ್ಯಾಸವೇ ಬೇರೆ, ಅಲ್ಯುಮಿನಿಯಂ ಮತ್ತು ಗಾಜಿನ ಕೆಲಸದಲ್ಲಿ ಸಹಿಸುವ ವ್ಯತ್ಯಾಸವೇ ಬೇರೆ. ಈ ಎರಡರ ನಡುವಿನ ಅಂತರಕ್ಕೆ ಯಾರು ಹೊಣೆ ಎಂಬುದನ್ನು ಬರೆಯದ ಒಪ್ಪಂದಗಳು ಜಗಳಕ್ಕೆ ಬೀಳುತ್ತವೆ.

ಮಾದರಿಗೆ ಕಾಲವನ್ನು ಸೇರಿಸಿದರೆ, ಅಂದರೆ ಪ್ರತಿ ಭಾಗಕ್ಕೂ ಅದನ್ನು ಅಳವಡಿಸುವ ದಿನಾಂಕವನ್ನು ಅಂಟಿಸಿದರೆ, ಅದನ್ನು 4ಡಿ ಎನ್ನುತ್ತಾರೆ. ಆ ದಿನಾಂಕದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ: ಸೈಟಿಗೆ ಬರಬೇಕಾದ ದಿನ, ಕಾರ್ಖಾನೆಯಿಂದ ಹೊರಡುವ ದಿನ, ತಯಾರಿಕೆ ಆರಂಭವಾಗುವ ದಿನ, ಶಾಪ್ ಡ್ರಾಯಿಂಗ್‌ಗೆ ಅನುಮೋದನೆ ಸಿಗಬೇಕಾದ ದಿನ, ಪೂರೈಕೆದಾರನನ್ನು ಅಂತಿಮಗೊಳಿಸಬೇಕಾದ ದಿನ. ಕೊನೆಯ ದಿನಾಂಕವು ಲಿಫ್ಟ್ ಗುಂಡಿಯ ಕಾಂಕ್ರೀಟಿಗಿಂತ ಮುಂಚೆಯೇ ಬರುತ್ತದೆ ಎಂಬುದು ಕಾಗದದ ಮೇಲೆ ಕಂಡಾಗ, ದರ ಚೌಕಾಶಿ ಮಾಡುತ್ತಾ ಕೂರುವುದರ ಬೆಲೆ ಎಷ್ಟು ಎಂಬುದು ಮಾಲೀಕರಿಗೂ ಅರ್ಥವಾಗುತ್ತದೆ. ಗಾಜಿನ ಆರ್ಡರಿಗೆ ಮುನ್ನ ಕಟ್ಟಿದ ರಚನೆಯನ್ನು ಲೇಸರ್ ಸ್ಕ್ಯಾನ್ ಮಾಡಿಸಿ ಮಾದರಿಯ ಮೇಲೆ ಇಟ್ಟು ನೋಡಿ, ಪೂರೈಕೆದಾರನೂ ಆ ಅಳತೆಗೆ ಸಹಿ ಹಾಕಲಿ. ಆಗ 'ನಿಮ್ಮ ಕಟ್ಟಡ ಸಿದ್ಧವಿರಲಿಲ್ಲ' ಎಂಬ ಮಾತು ದಿನಾಂಕದೊಂದಿಗೆ ಸಾಬೀತಾಗುತ್ತದೆ ಅಥವಾ ಅಲ್ಲಿಗೇ ಬಿದ್ದುಹೋಗುತ್ತದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಐದನೇ ಟರ್ಮಿನಲ್. ಸುಮಾರು 430 ಕೋಟಿ ಪೌಂಡ್ ವೆಚ್ಚದ ಆ ಕೆಲಸದಲ್ಲಿ ಮಾಲೀಕ ಸಂಸ್ಥೆಯಾದ ಬಿಎಎ, ಅಪಾಯದ ಹೊಣೆಯನ್ನು ಕಾಂಟ್ರಾಕ್ಟರುಗಳ ಮೇಲೆ ಹೊರಿಸುವ ರೂಢಿಯನ್ನು ಬಿಟ್ಟು ತಾನೇ ಹೊತ್ತುಕೊಂಡಿತು. ಪೂರೈಕೆದಾರರಿಗೆ ನಿಜವಾದ ಖರ್ಚಿನ ಜೊತೆಗೆ ಒಪ್ಪಿದ ಲಾಭವನ್ನು ಕೊಡುವ ಒಪ್ಪಂದ ಮಾಡಿಕೊಂಡು, ವಿನ್ಯಾಸಕಾರರನ್ನೂ ಕಟ್ಟುವವರನ್ನೂ ಒಂದೇ ತಂಡವಾಗಿ ಕೂರಿಸಿ, ಒಂದೇ ಡಿಜಿಟಲ್ ಮಾದರಿಯ ಮೇಲೆ ಕೆಲಸ ಮಾಡಿಸಿತು. ಎರಡು ರನ್‌ವೇಗಳ ನಡುವೆ ಸಾಮಗ್ರಿ ಪೇರಿಸಲು ಜಾಗವಿರಲಿಲ್ಲವಾದ್ದರಿಂದ ಕೋಲ್ನ್‌ಬ್ರೂಕ್ ಎಂಬಲ್ಲಿ ಪ್ರತ್ಯೇಕ ಸಾಗಣೆ ಕೇಂದ್ರ ತೆರೆದು, ಕಬ್ಬಿಣದ ಜಾಲಗಳನ್ನು ಅಲ್ಲಿಯೇ ಕಟ್ಟಿ, ಸೈಟ್ ಕೇಳಿದಾಗ ಮಾತ್ರ ಕಳಿಸುತ್ತಿದ್ದರು. ಛಾವಣಿಯ ಭಾಗವೊಂದನ್ನು ಯಾರ್ಕ್‌ಶೈರ್‌ನಲ್ಲಿ ಮೊದಲೇ ಜೋಡಿಸಿ ನೋಡಿ, ಅಲ್ಲಿ ಕಂಡ ತೊಡಕುಗಳನ್ನು ತಿದ್ದಿಕೊಂಡು ಹೀಥ್ರೂಗೆ ತಂದರು. ಟರ್ಮಿನಲ್ ಗೊತ್ತುಮಾಡಿದಂತೆ 2008ರ ಮಾರ್ಚ್ 27ರಂದು ತೆರೆಯಿತು. ಮೊದಲ ದಿನಗಳಲ್ಲಿ ಲಗೇಜ್ ವ್ಯವಸ್ಥೆ ಕುಸಿದು ವಿಮಾನಗಳು ರದ್ದಾದದ್ದು ನಿಜ. ಸಿಬ್ಬಂದಿಯ ತರಬೇತಿ ಮತ್ತು ಪರೀಕ್ಷಾ ಓಟಗಳು ಸಾಲದೆ ಹೋದದ್ದು ಅದಕ್ಕೆ ದೊಡ್ಡ ಕಾರಣ, ಕಟ್ಟಿದವರ ನಡುವಿನ ವ್ಯಾಜ್ಯವಲ್ಲ.

ಬಿಎಎಯಂತೆ ಎಲ್ಲ ಹೊಣೆಯನ್ನೂ ಹೊರಿ ಎಂದು ನಿಮ್ಮ ಮಾಲೀಕರಿಗೆ ನಾನು ಹೇಳಲಾರೆ. ಆದರೆ ಪೂರೈಕೆದಾರ ನಷ್ಟಕ್ಕೆ ಹೆದರಿ ಮಾಹಿತಿ ಮುಚ್ಚಿಡುವ ಒಪ್ಪಂದದೊಳಗೆ ಎಂಥ ಮಾದರಿಯೂ ಅರ್ಧ ಸತ್ಯವನ್ನಷ್ಟೇ ತೋರಿಸುತ್ತದೆ. ಕಾರ್ಖಾನೆಯಲ್ಲಿ ತಡವಾಗುತ್ತಿದೆ ಎಂದು ಮೂರು ವಾರ ಮುಂಚೆ ತಿಳಿಸಿದವನಿಗೆ ದಂಡದಲ್ಲಿ ರಿಯಾಯಿತಿ, ಮುಚ್ಚಿಟ್ಟವನಿಗೆ ಪೂರ್ತಿ ದಂಡ ಎಂಬ ಒಂದು ಷರತ್ತನ್ನಾದರೂ ಹಾಕಿ. ಬ್ರಿಟನ್ನಿನ ಎನ್‌ಇಸಿ ಎಂಬ ಸಿದ್ಧ ನಮೂನೆಯ ನಿರ್ಮಾಣ ಒಪ್ಪಂದಗಳಲ್ಲಿ ಇಂಥ ಮುನ್ನೆಚ್ಚರಿಕೆಯ ನೋಟಿಸು ಎರಡೂ ಕಡೆಯವರ ಕರ್ತವ್ಯ.

ಪ್ರಶ್ನೆ: ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಸಹಾಯಕ ಎಂಜಿನಿಯರ್. ನಮ್ಮಲ್ಲಿ ಟೆಂಡರ್ ಮೊದಲು, ಪೂರ್ಣ ಡ್ರಾಯಿಂಗ್ ಆಮೇಲೆ. ಇಂಥ ಪದ್ಧತಿಯಲ್ಲಿ ಬಿಮ್ ಏನು ಮಾಡೀತು? — ಕಲಬುರಗಿಯ ಓದುಗರು

ಉತ್ತರ: ಹೆಚ್ಚೇನೂ ಮಾಡದು, ಮತ್ತು ನೀವು ಈ ಪ್ರಶ್ನೆ ಕೇಳಿದ್ದು ನನಗೆ ಸಮಾಧಾನ ತಂದಿದೆ. ಜರ್ಮನಿಯ ಹ್ಯಾಂಬರ್ಗ್ ನಗರದ ಎಲ್ಬ್‌ಫಿಲ್‌ಹಾರ್ಮನಿ ಸಂಗೀತ ಭವನ ಇದಕ್ಕೆ ದೊಡ್ಡ ಉದಾಹರಣೆ. ವಿನ್ಯಾಸ ಹಣ್ಣಾಗುವ ಮುಂಚೆಯೇ ಗುತ್ತಿಗೆಗೆ ಸಹಿಯಾಯಿತು; ಆರ್ಕಿಟೆಕ್ಟ್ ಜೊತೆ ಒಂದು ಒಪ್ಪಂದ, ಕಾಂಟ್ರಾಕ್ಟರ್ ಜೊತೆ ಇನ್ನೊಂದು, ನಡುವೆ ನಗರಾಡಳಿತ. ಒಬ್ಬರ ಬದಲಾವಣೆ ಇನ್ನೊಬ್ಬರ ಕ್ಲೇಮ್ ಆಗುತ್ತಾ ಹೋಯಿತು. ಛಾವಣಿಯ ಸುರಕ್ಷತೆಯ ವಿವಾದದಿಂದ 2011ರ ಕೊನೆಯಲ್ಲಿ ಕೆಲಸ ನಿಂತು, ಒಂದು ವರ್ಷಕ್ಕೂ ಹೆಚ್ಚು ಕಾಲ ಸರಿದಾರಿಗೆ ಬರಲಿಲ್ಲ. 2013ರಲ್ಲಿ ಒಪ್ಪಂದವನ್ನು ಹೊಸದಾಗಿ ಬರೆದು ಆರ್ಕಿಟೆಕ್ಟರನ್ನೂ ಕಾಂಟ್ರಾಕ್ಟರನ್ನೂ ಒಟ್ಟಾಗಿ ಯೋಜನೆ ರೂಪಿಸಲು ಹಚ್ಚಿದ ಮೇಲೆ ಕೆಲಸ ಸಾಗಿತು. ನಗರ ಮೊದಲು 7.7 ಕೋಟಿ ಯೂರೋ ತನ್ನ ಪಾಲು ಎಂದಿದ್ದದ್ದು 78.9 ಕೋಟಿಗೆ ಮುಟ್ಟಿತು, ಮತ್ತು 2010ಕ್ಕೆ ತೆರೆಯಬೇಕಿದ್ದ ಭವನ 2017ರ ಜನವರಿಯಲ್ಲಿ ತೆರೆಯಿತು.

ನಮ್ಮ ದೇಶದಲ್ಲಿ ನಾಗಪುರ ಮೆಟ್ರೋ ಯೋಜನೆಯು ಕಾಲ ಮತ್ತು ವೆಚ್ಚ ಎರಡನ್ನೂ ಸೇರಿಸಿದ 5ಡಿ ಮಾದರಿಯನ್ನು ಬಳಸಿತು. ಸಾರ್ವಜನಿಕ ಕಾಮಗಾರಿಗೆ ಇದು ಆಗದ ಕೆಲಸವೇನಲ್ಲ. ಬ್ರಿಟನ್ ಸರ್ಕಾರ 2011ರಲ್ಲಿಯೇ ಗುರಿ ಪ್ರಕಟಿಸಿ, ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ 2016ರ ಏಪ್ರಿಲ್‌ನಿಂದ ಬಿಮ್ ಕಡ್ಡಾಯ ಮಾಡಿತು. ಅಂದರೆ ಉದ್ಯಮಕ್ಕೆ ಸಿದ್ಧವಾಗಲು ಸುಮಾರು ಐದು ವರ್ಷ ಕೊಟ್ಟಿತು. ಆದರೆ ಭೂಸ್ವಾಧೀನ, ಅರಣ್ಯ ಅನುಮತಿ, ವಿದ್ಯುತ್ ಕಂಬಗಳ ಸ್ಥಳಾಂತರ, ಕಬ್ಬಿಣದ ಬೆಲೆಯೇರಿಕೆ, ಅನುದಾನದ ವಿಳಂಬ, ಇವು ಯಾವುವನ್ನೂ ಮಾದರಿ ಬಗೆಹರಿಸುವುದಿಲ್ಲ. ಎಷ್ಟು ಟನ್ ಕಬ್ಬಿಣ ಬೇಕು ಎಂದು ಅದು ಹೇಳಬಲ್ಲದು, ದರ ಏರಿದರೆ ಯಾರು ಭರಿಸಬೇಕು ಎಂದು ಬೆಲೆ ವ್ಯತ್ಯಾಸದ ಷರತ್ತೇ ಹೇಳಬೇಕು. ನಿಮ್ಮ ಕೈಯಲ್ಲಿರುವುದು ಒಂದು ಇದೆ: ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಅಳತೆ ಬರೆಯುವಾಗ ಅದು ಯಾವ ದಿನಾಂಕದ, ಎಷ್ಟನೇ ಪರಿಷ್ಕರಣೆಯ ಡ್ರಾಯಿಂಗ್‌ನಂತೆ ಆದ ಕೆಲಸ ಎಂಬುದನ್ನು ಜೊತೆಗೇ ಬರೆಯಿರಿ. ಹಣಕಾಸು ಸಚಿವಾಲಯವು 2024ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಕೇಂದ್ರ ಸರ್ಕಾರದ ಖರೀದಿ ಒಪ್ಪಂದಗಳಲ್ಲಿ ಆರ್ಬಿಟ್ರೇಷನ್ (ನ್ಯಾಯಾಲಯದ ಹೊರಗೆ ಪಂಚರು ತೀರ್ಪು ಕೊಡುವ) ಷರತ್ತನ್ನು ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆ ಮೌಲ್ಯದ ವಿವಾದಗಳಿಗೆ ಸೀಮಿತಗೊಳಿಸಿ, ಮಾತುಕತೆಯ ಮೂಲಕ ರಾಜಿ ಮಾಡಿಸುವ ಮಧ್ಯಸ್ಥಿಕೆಗೆ (ಮೀಡಿಯೇಷನ್) ಒತ್ತು ಕೊಟ್ಟಿದೆ. ಮಧ್ಯಸ್ಥಿಕೆಯ ಮೇಜಿನ ಮೇಲೆ ಬೆಲೆ ಬರುವುದು ಆಯಾ ದಿನವೇ ಬರೆದಿಟ್ಟ ದಾಖಲೆಗೆ.

ಪ್ರಶ್ನೆ: ನಮ್ಮ ಯೋಜನೆಯ ಮಾದರಿ ಮತ್ತು ಎಲ್ಲ ಕಡತಗಳು ಕನ್ಸಲ್ಟೆಂಟ್ ಸಂಸ್ಥೆಯ ಸರ್ವರ್‌ನಲ್ಲಿವೆ. ಶುಲ್ಕದ ವಿಷಯದಲ್ಲಿ ಮನಸ್ತಾಪವಾಗಿದೆ. ಅವರು ಪಾಸ್‌ವರ್ಡ್ ಬಂದ್ ಮಾಡಿದರೆ? ಮುಂದೆ ಆರ್ಬಿಟ್ರೇಷನ್‌ಗೆ ಹೋದರೆ ಮಾದರಿಯನ್ನು ಸಾಕ್ಷ್ಯವಾಗಿ ಒಪ್ಪುತ್ತಾರೆಯೇ? — ಮಂಗಳೂರಿನ ಓದುಗರು

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಬ್ರಿಟಿಷ್ ರಕ್ಷಣಾ ಸಚಿವಾಲಯಕ್ಕಾಗಿ ವಿದ್ಯುತ್ ಸ್ಥಾವರ ಕಟ್ಟುತ್ತಿದ್ದ ಟ್ರಾಂಟ್ ಎಂಜಿನಿಯರಿಂಗ್ ಮತ್ತು ಅದರ ವಿನ್ಯಾಸಕ ಸಂಸ್ಥೆ ಮಾಟ್ ಮ್ಯಾಕ್‌ಡೊನಾಲ್ಡ್ ನಡುವೆ ಆದದ್ದು ಇದೇ. ಶುಲ್ಕದ ವಿವಾದದಲ್ಲಿ ವಿನ್ಯಾಸಕ ಸಂಸ್ಥೆ ಕಡತಗಳ ಪ್ರವೇಶವನ್ನು ತಡೆಯಿತು. 2017ರಲ್ಲಿ ಇಂಗ್ಲೆಂಡಿನ ತಂತ್ರಜ್ಞಾನ ಮತ್ತು ನಿರ್ಮಾಣ ನ್ಯಾಯಾಲಯ, ಟ್ರಾಂಟ್ 4,75,000 ಪೌಂಡ್‌ಗಳನ್ನು ನ್ಯಾಯಾಲಯದಲ್ಲಿ ಠೇವಣಿ ಇಡುವಂತೆ ಮಾಡಿ, ಪ್ರವೇಶವನ್ನು ಮರಳಿ ಕೊಡುವಂತೆ ಮಧ್ಯಂತರ ಆದೇಶ ನೀಡಿತು. ನೀವು ಅಲ್ಲಿಯವರೆಗೆ ಹೋಗಬೇಕಿಲ್ಲ. ಪ್ರತಿ ಅನುಮೋದನೆಯ ನಂತರ ಮಾದರಿಯ ಪೂರ್ಣ ಪ್ರತಿ, ಯಾವ ಸಾಫ್ಟ್‌ವೇರ್‌ನಲ್ಲೂ ತೆರೆಯುವ ಐಎಫ್‌ಸಿ ರೂಪದ ಪ್ರತಿಯೂ ಸೇರಿ, ನಿಮ್ಮ ಕಚೇರಿಗೆ ಬರಬೇಕು ಎಂದು ಪತ್ರ ಬರೆದು ಈಗಲೇ ಒಪ್ಪಿಸಿಕೊಳ್ಳಿ.

ಸಾಕ್ಷ್ಯದ ಬಗ್ಗೆ: 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ, ಅದರಲ್ಲಿ ಹಾಜರುಪಡಿಸುವವರ ಭಾಗ, ತಜ್ಞರ ಭಾಗ, ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾದರೆ ತಾನೂ ಬದಲಾಗುವ ಗುರುತು ಸಂಖ್ಯೆ) ಇರಬೇಕು. ಆರ್ಬಿಟ್ರೇಷನ್ ಪೀಠವು 1996ರ ಕಾಯ್ದೆಯ 19ನೇ ಕಲಂ ಪ್ರಕಾರ ಸಾಕ್ಷ್ಯ ಕಾಯ್ದೆಗೆ ಕಟ್ಟುಬಿದ್ದಿರುವುದಿಲ್ಲವಾದರೂ, ಯಾವ ದಿನ ಯಾರು ಏನು ಬದಲಿಸಿದರು ಎಂಬುದು ಅಳಿಸಲಾಗದಂತೆ ಉಳಿದಿದ್ದರೆ ಮಾತ್ರ ಮಾದರಿಗೆ ತೂಕ ಬರುತ್ತದೆ. ಮಾದರಿಗೂ ಸಹಿ ಮಾಡಿದ ಡ್ರಾಯಿಂಗ್‌ಗೂ ವ್ಯತ್ಯಾಸ ಬಂದರೆ ಯಾವುದು ಮಾನ್ಯ ಎಂಬ ಸಾಲು ನಿಮ್ಮ ಒಪ್ಪಂದದಲ್ಲಿದೆಯೇ ಎಂದು ಇಂದೇ ತೆರೆದು ನೋಡಿ. ಅದಿಲ್ಲದ ಒಪ್ಪಂದ ಇನ್ನೊಂದು ತಕರಾರಿಗೆ ಬಾಗಿಲು.

ಪ್ರಶ್ನೆ: ಮೈಸೂರಿನಲ್ಲಿ 30/40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ನಿವೃತ್ತ ಶಿಕ್ಷಕಿ. ಪರಿಚಯದವರೆಲ್ಲ ಕಾಂಟ್ರಾಕ್ಟರ್ ಜೊತೆ ಜಗಳವಾಡಿಕೊಂಡೇ ಮನೆ ಮುಗಿಸಿದ್ದಾರೆ. ಈ ಮಾದರಿ ನಮ್ಮಂಥವರಿಗೂ ಉಂಟೆ? — ಮೈಸೂರಿನ ಓದುಗರು

ಉತ್ತರ: ಅಮ್ಮಾ, ನಿಮ್ಮ ಮನೆಗೆ ಬಿಮ್ ಸಾಫ್ಟ್‌ವೇರಿನ ಖರ್ಚು ಬೇಕಾಗಿಲ್ಲ. ದೊಡ್ಡ ಯೋಜನೆಗಳಲ್ಲಿ ಅದು ಮಾಡುವ ಕೆಲಸವನ್ನು ನೀವು ಕಾಗದದ ಮೇಲೆ ಮಾಡಬಹುದು. ಫೌಂಡೇಷನ್ ತೆಗೆಯುವ ಮುಂಚೆ ಪ್ಲ್ಯಾನ್, ಸ್ಟ್ರಕ್ಚರಲ್ ಡ್ರಾಯಿಂಗ್, ವೈರಿಂಗ್ ಮತ್ತು ಪ್ಲಂಬಿಂಗ್ ಡ್ರಾಯಿಂಗ್ ನಾಲ್ಕೂ ಕೈಯಲ್ಲಿರಲಿ; ಆರ್ಕಿಟೆಕ್ಟ್, ಕಾಂಟ್ರಾಕ್ಟರ್, ಎಲೆಕ್ಟ್ರಿಷಿಯನ್, ಪ್ಲಂಬರ್ ಎಲ್ಲರನ್ನೂ ಒಂದೇ ದಿನ ಕರೆಸಿ ಅವುಗಳನ್ನು ಮುಂದಿಟ್ಟುಕೊಂಡು ಮಾತಾಡಿ. ಬಾತ್‌ರೂಮಿನ ಪೈಪು ಯಾವ ಬೀಮಿನ ಹತ್ತಿರ ಇಳಿಯುತ್ತದೆ, ಅಡುಗೆಮನೆಯ ಕಟ್ಟೆ ಯಾವ ಎತ್ತರ, ಯಾವ ಸಾಮಗ್ರಿಯನ್ನು ಯಾರು ತರುತ್ತಾರೆ ಎಂಬುದು ಅಂದೇ ತೀರ್ಮಾನವಾಗಲಿ. ಕಿಟಕಿ, ಬಾಗಿಲು, ಟೈಲ್ಸ್, ನಲ್ಲಿಗಳ ಆಯ್ಕೆಗೆ ನೀವೂ ಒಂದು ಕೊನೆಯ ದಿನಾಂಕ ಹಾಕಿಕೊಳ್ಳಿ, ಏಕೆಂದರೆ ಮನೆಗಳಲ್ಲಿ ಕೆಲಸ ನಿಲ್ಲುವುದಕ್ಕೆ ಮಾಲೀಕರ ತಡವಾದ ಆಯ್ಕೆಯೂ ಆಗಾಗ ಕಾರಣವಾಗುತ್ತದೆ.

ನಡುವೆ ಏನಾದರೂ ಬದಲಿಸಬೇಕು ಎನಿಸಿದರೆ ಮೇಸ್ತ್ರಿಗೆ ಬಾಯಲ್ಲಿ ಹೇಳಬೇಡಿ. ಏನು ಬದಲಾವಣೆ, ಎಷ್ಟು ಹೆಚ್ಚು ಹಣ, ಎಷ್ಟು ಹೆಚ್ಚು ದಿನ ಎಂಬ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕಾಂಟ್ರಾಕ್ಟರ್ ಮತ್ತು ನೀವು ಸಹಿ ಹಾಕಿದ ಮೇಲೆಯೇ ಆ ಕೆಲಸ ಶುರುವಾಗಲಿ. ಪ್ಲಾಸ್ಟರಿಂಗ್‌ಗೆ ಮುನ್ನ ಪ್ರತಿ ಗೋಡೆಯಲ್ಲಿ ಹೋಗಿರುವ ಪೈಪು, ವೈರುಗಳ ಫೋಟೋಗಳನ್ನು ಪಕ್ಕದಲ್ಲಿ ಅಳತೆಪಟ್ಟಿ ಹಿಡಿಸಿ ತೆಗೆದಿಟ್ಟುಕೊಳ್ಳಿ. ಮುಂದೆ ಗೋಡೆಗೆ ಮೊಳೆ ಹೊಡೆಯುವಾಗಲೂ ಅವು ಬೇಕಾಗುತ್ತವೆ.